ಇನ್ಕಸ್‌ನಲ್ಲಿ ಸ್ನ್ಯಾಪ್‌ಶಾಟ್ ತಾನೇ ಆಗಲಿ, ತಾನೇ ಅಳಿಯಲಿ
ಇನ್ಕಸ್ ಅಂದ್ರೆ ಕಂಟೇನರ್, ವರ್ಚುವಲ್ ಮಷಿನ್‌ಗಳನ್ನು ನಡೆಸುವ ಸಾಫ್ಟ್‌ವೇರ್; ಸ್ನ್ಯಾಪ್‌ಶಾಟ್ ಅಂದ್ರೆ ಅವುಗಳ ಆ ಕ್ಷಣದ ಸ್ಥಿತಿಯನ್ನು ಉಳಿಸಿಡುವುದು. ಒಂದೊಂದು ಕಂಟೇನರ್‌ಗೂ ಬೇರೆಬೇರೆಯಾಗಿ ಹೇಳುವ ಬದಲು, ಎಲ್ಲಕ್ಕೂ ಸೇರಿ ಒಂದೇ ಕಡೆ ಸೆಟ್ಟಿಂಗ್ ಬರೆಯುವ ಡೀಫಾಲ್ಟ್ ಪ್ರೊಫೈಲ್‌ನಲ್ಲೇ 'ಸ್ನ್ಯಾಪ್‌ಶಾಟ್ಸ್ ಡಾಟ್ ಶೆಡ್ಯೂಲ್'ಗೆ '@ಡೈಲಿ' (ದಿನಕ್ಕೊಮ್ಮೆ), 'ಸ್ನ್ಯಾಪ್‌ಶಾಟ್ಸ್ ಡಾಟ್ ಎಕ್ಸ್‌ಪೈರಿ'ಗೆ '7ಡಿ' (ಏಳು ದಿನಕ್ಕೆ ಅಳಿಯಲಿ ಅಂತ) ಕೊಟ್ಟುಬಿಡಿ. ಆ ಪ್ರೊಫೈಲ್ ಬಳಸುವ ಎಲ್ಲ ಕಂಟೇನರ್, ವರ್ಚುವಲ್ ಮಷಿನ್‌ಗಳಿಗೂ ಇದು ಅನ್ವಯಿಸುತ್ತದೆ. ಯಾವುದಕ್ಕಾದರೂ ಬೇರೆ ಲೆಕ್ಕ ಬೇಕಿದ್ದರೆ ಅದರಲ್ಲೇ ಬರೆಯಿರಿ, ಪ್ರೊಫೈಲ್‌ಗಿಂತ ಅದರ ಮಾತೇ ನಡೆಯುತ್ತದೆ. ಹುಷಾರು: ಎಕ್ಸ್‌ಪೈರಿಯಲ್ಲಿ ದೊಡ್ಡ 'ಎಂ' ಅಂದ್ರೆ ನಿಮಿಷ, ಚಿಕ್ಕ 'ಎಂ' ಅಂದ್ರೆ ತಿಂಗಳು! ಅವಧಿ ನಿಗದಿಯಾಗುವುದು ಸ್ನ್ಯಾಪ್‌ಶಾಟ್ ತೆಗೆಯುವ ಹೊತ್ತಿಗೆ, ಹಾಗಾಗಿ ಈಗಾಗಲೇ ಇರುವ ಹಳೆಯವು ಅಳಿಯುವುದಿಲ್ಲ, ಅವನ್ನು ನೀವೇ ತೆಗೆಯಬೇಕು. ಓಡದೆ ನಿಂತಿರುವ ಕಂಟೇನರ್‌ಗಳನ್ನೂ ಈ ಶೆಡ್ಯೂಲ್ ಸುಮ್ನೆ ಬಿಟ್ಟುಬಿಡುತ್ತದೆ, ಬೇಕಿದ್ದರೆ 'ಸ್ನ್ಯಾಪ್‌ಶಾಟ್ಸ್ ಡಾಟ್ ಶೆಡ್ಯೂಲ್ ಡಾಟ್ ಸ್ಟಾಪ್ಡ್' ಆನ್ ಮಾಡಿ. ಜೆಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ನಂಥ ಪೂಲ್ (ಇನ್ಕಸ್ ಡೇಟಾ ಇಡುವ ಜಾಗ) ಇದ್ದರೆ ಮಾತ್ರ ಈ ಉಪಾಯ ಹಗುರ, ಏಕೆಂದರೆ ಬದಲಾದ ಭಾಗಕ್ಕಷ್ಟೇ ಜಾಗ ಹೋಗುತ್ತದೆ. ಬರೀ ಫೋಲ್ಡರ್‌ನಲ್ಲಿ ಡೇಟಾ ಇಡುವ ಮಾಮೂಲಿ 'ಡಿರ್' ಪೂಲ್‌ನಲ್ಲಿ ಪ್ರತಿ ಸಲವೂ ಪೂರ್ತಿ ನಕಲು, ಡಿಸ್ಕ್ ಬೇಗ ತುಂಬುತ್ತದೆ. ಅಲ್ಲಿ ನಾನಂತೂ ಹಾಕಲ್ಲ. ಇನ್ನು, ಸ್ನ್ಯಾಪ್‌ಶಾಟ್ ಇರುವುದು ಅದೇ ಪೂಲ್‌ನಲ್ಲೇ ಅಲ್ವಾ, ಡಿಸ್ಕ್ ಹೋದರೆ ಅದೂ ಹೋಗುತ್ತದೆ. ಬ್ಯಾಕಪ್‌ಗೆ 'ಇನ್ಕಸ್ ಎಕ್ಸ್‌ಪೋರ್ಟ್' ಮಾಡಿ ಬೇರೆ ಕಡೆ ಇಡಿ.