ಕಣ್ಬೊಟ್ಟುಗಳನ್ನು ನಂಬಿ ಕೆಟ್ಟ ಮೇಲೆ

ಸೋಮವಾರಪೇಟೆಯ ಬಳಿ ಇರುವ ನಮ್ಮ ಕಾಫಿ ತೋಟದಲ್ಲಿ ಕೊಳೆತ ಬಾಳೆಹಣ್ಣನ್ನು ಒಂದು ತಟ್ಟೆಯಲ್ಲಿಟ್ಟು ಮರದ ನೆರಳಿನಲ್ಲಿ ಬಿಟ್ಟರೆ, ಮೊದಲು ಬಂದು ಕೂರುವುದು ಮೈಕಾಲಿಸಿಸ್ ಕುಲದ ಕಂದು ಚಿಟ್ಟೆಗಳು. ಬುಶ್‌ಬ್ರೌನ್ ಎಂಬ ಹೆಸರಿನಿಂದ ಪರಿಚಿತವಾದ ಇವು ಹೂವುಗಳತ್ತ ಹೆಚ್ಚು ಸುಳಿಯುವುದಿಲ್ಲ. ನೆಲದಿಂದ ಮೊಳದೆತ್ತರದಲ್ಲಿ ತಟ್ಟಾಡುತ್ತ ಹಾರಿ, ತರಗೆಲೆಯ ಮೇಲೆ ರೆಕ್ಕೆ ಮಡಿಚಿ ಕೂತುಬಿಡುತ್ತವೆ. ಬಣ್ಣದ ಚಿಟ್ಟೆಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆಯುವವರು ಇವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಆರಂಭದ ಎರಡು ವರ್ಷ ನಾನೂ ಆ ಗುಂಪಿನವನೇ ಆಗಿದ್ದೆ.

ತೋಟದ ಚಿಟ್ಟೆಗಳ ಪಟ್ಟಿ ಮಾಡಲು ಕುಳಿತಾಗಲೇ ತೊಡಕು ಶುರುವಾಯಿತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತೆಗೆದ ಫೋಟೋಗಳಲ್ಲಿ ರೆಕ್ಕೆಯಂಚಿನ ಉದ್ದಕ್ಕೂ ಹಳದಿ ಉಂಗುರದ ದೊಡ್ಡ ಕಣ್ಬೊಟ್ಟುಗಳಿದ್ದವು, ಅಂದರೆ ಕಣ್ಣಿನಂತೆ ಕಾಣುವ ದುಂಡು ಗುರುತುಗಳು, ಅವುಗಳ ಒಳಬದಿಗೆ ಬಿಳಿಯ ಪಟ್ಟೆಯೂ ಸ್ಪಷ್ಟವಾಗಿತ್ತು. ಫೆಬ್ರವರಿಯ ಫೋಟೋಗಳಲ್ಲಿ ಬೊಟ್ಟುಗಳ ಜಾಗದಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು ಮಾತ್ರ ಉಳಿದಿದ್ದವು, ರೆಕ್ಕೆಯಂತೂ ಒಣಗಿದ ಎಲೆಯ ಹಾಗೆಯೇ ಕಾಣುತ್ತಿತ್ತು. ನಾನು ಎರಡನ್ನೂ ಬೇರೆ ಬೇರೆ ಪ್ರಭೇದಗಳೆಂದು ಬರೆದಿಟ್ಟುಕೊಂಡೆ. ಮಳೆಗಾಲದ ರೂಪ, ಒಣಗಾಲದ ರೂಪ ಎಂಬ ಮಾತನ್ನು ಓದಿರಲಿಲ್ಲವೆಂದಲ್ಲ. ಆದರೆ ಒಂದೇ ಪ್ರಭೇದ ಇಷ್ಟರಮಟ್ಟಿಗೆ ವೇಷ ಬದಲಿಸೀತು ಎಂದು ಮನಸ್ಸು ಒಪ್ಪಿರಲಿಲ್ಲ.

ಒಪ್ಪಿಸಿದ್ದು ಒಂದು ಗಾಜಿನ ಭರಣಿ. ಅಕ್ಟೋಬರ್ ಕೊನೆಯಲ್ಲಿ, ದೊಡ್ಡ ಬೊಟ್ಟುಗಳಿದ್ದ ಒಂದು ಹೆಣ್ಣನ್ನು ಹುಲ್ಲಿನ ಕುಂಡದೊಂದಿಗೆ ಸೊಳ್ಳೆಪರದೆಯೊಳಗೆ ಇಟ್ಟೆ. ಅದು ಹುಲ್ಲಿನ ಎಸಳುಗಳ ಮೇಲೆ ತಿಳಿಬಣ್ಣದ ದುಂಡು ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಟ್ಟಿತು. ಹೊರಬಂದ ಮರಿಗಳನ್ನು ಭರಣಿಗೆ ವರ್ಗಾಯಿಸಿ ದಿನವೂ ಹೊಸ ಹುಲ್ಲು ಕೊಟ್ಟೆ. ತಲೆಯ ಮೇಲೆ ಎರಡು ಕಿರುಕೊಂಬು, ಬಾಲದ ತುದಿಯಲ್ಲಿ ಎರಡು ಮೊನೆ ಇರುವ ಈ ಹುಳುಗಳು ಹಗಲೆಲ್ಲ ಬುಡದಲ್ಲಿ ಅಲ್ಲಾಡದೆ ಬಿದ್ದಿದ್ದು ರಾತ್ರಿ ಮೇಯುತ್ತಿದ್ದವು. ಕೋಣೆ ತಣ್ಣಗಿದ್ದುದರಿಂದ ಬೆಳವಣಿಗೆ ನಿಧಾನವಾಗಿ, ಚಿಟ್ಟೆಗಳು ಹೊರಬರುವಾಗ ಡಿಸೆಂಬರ್ ಅರ್ಧ ಕಳೆದಿತ್ತು. ಹನ್ನೊಂದರಲ್ಲಿ ಎಂಟಕ್ಕೆ ಬೊಟ್ಟುಗಳೇ ಇಲ್ಲವೆನ್ನಬಹುದು. ಉಳಿದ ಮೂರು ಅತ್ತ ಮಳೆಗಾಲದ್ದೂ ಅಲ್ಲ, ಇತ್ತ ಒಣಗಾಲದ್ದೂ ಅಲ್ಲ ಎಂಬಂತಿದ್ದವು. ತಾಯಿ ಒಂದೇ, ಮೇವೂ ಒಂದೇ. ಅದೇ ರಾತ್ರಿ ಕುಳಿತು ಹಳೆಯ ಪಟ್ಟಿಯ ಎರಡು ಪುಟಗಳನ್ನು ಹೊಡೆದುಹಾಕಿದೆ.

ಇವುಗಳ ನೆಂಟನಾದ ಆಫ್ರಿಕಾದ ಬೈಸೈಕ್ಲಸ್ ಅನಿನಾನ ಎಂಬ ಚಿಟ್ಟೆಯನ್ನು ಪ್ರಯೋಗಾಲಯಗಳಲ್ಲಿ ಬಹಳ ಕಾಲದಿಂದ ಸಾಕುತ್ತಿದ್ದಾರೆ. ಅದರ ಮರಿಹುಳು 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೆಳೆದರೆ ದೊಡ್ಡ ಬೊಟ್ಟುಗಳ ರೂಪವೂ, 17 ಡಿಗ್ರಿ ಆಸುಪಾಸಿನಲ್ಲಿ ಬೆಳೆದರೆ ಬೊಟ್ಟು ಕುಗ್ಗಿದ ರೂಪವೂ ಬರುತ್ತದೆ. ಹಸಿರು ತುಂಬಿದ ಕಾಲದಲ್ಲಿ ರೆಕ್ಕೆಯಂಚಿನ ಬೊಟ್ಟು ಶತ್ರುವಿನ ಕಣ್ಣನ್ನು ಮೈಯಿಂದ ದೂರಕ್ಕೆ ಸೆಳೆಯುತ್ತದೆ. ತರಗೆಲೆಯ ಕಾಲದಲ್ಲಿ ಕಣ್ಣಿಗೇ ಬೀಳದಿರುವುದು ಲೇಸು.

ಋತುವಿನ ಗೊಂದಲ ಕಳೆದ ಮೇಲೆ ಪ್ರಭೇದದ ಪ್ರಶ್ನೆ ಉಳಿಯಿತು. 1758ರಲ್ಲಿ ಲಿನೇಯಸ್ ಹೆಸರಿಟ್ಟ ಮಿನಿಯಸ್, 1775ರಲ್ಲಿ ಫ್ಯಾಬ್ರಿಷಿಯಸ್ ಹೆಸರಿಟ್ಟ ಪರ್ಸಿಯಸ್, ಜೊತೆಗೆ ವಿಸಾಲ, ಈ ಮೂರು ಪ್ರಭೇದಗಳನ್ನು ಬೇರ್ಪಡಿಸುವುದೇ ನಮ್ಮ ಕಡೆಯ ದೊಡ್ಡ ತಲೆನೋವು. ಮಳೆಗಾಲದ ಪರ್ಸಿಯಸ್ ಸ್ವಲ್ಪ ಸುಲಭ: ಹಿಂರೆಕ್ಕೆಯ ಕೆಳಗಿನ ನಾಲ್ಕು ಬೊಟ್ಟುಗಳ ನಡುವಿನ ಬಿಳಿ ಬಿಂದುಗಳಿಗೆ ಅಳತೆಪಟ್ಟಿ ಇಟ್ಟರೆ ಅವು ಒಂದೇ ಗೆರೆಯಲ್ಲಿ ಬರುವುದಿಲ್ಲ, ಮಿನಿಯಸ್‌ನಲ್ಲಿ ಬರುತ್ತವೆ. ಮಿನಿಯಸ್ ಮತ್ತು ವಿಸಾಲಗಳಿಗೆ ಈ ಅಳತೆಯೂ ಸಾಲದು. ಗಂಡಿನ ರೆಕ್ಕೆಯಲ್ಲಿ ವಾಸನೆ ಸೂಸುವ ಹುರುಪೆಗಳ ಮಚ್ಚೆಯೊಂದಿದೆ; ವಿಸಾಲದಲ್ಲಿ ಅದು ಉದ್ದ, ಆದ್ದರಿಂದಲೇ ಅದಕ್ಕೆ ಲಾಂಗ್‌ಬ್ರ್ಯಾಂಡ್ ಬುಶ್‌ಬ್ರೌನ್ ಎಂಬ ಹೆಸರು. ಆದರೆ ಮಚ್ಚೆ ಇರುವುದು ಮುಂರೆಕ್ಕೆ ಹಿಂರೆಕ್ಕೆಗಳು ಒಂದರ ಮೇಲೊಂದು ಕೂರುವ ಜಾಗದಲ್ಲಿ. ಚಿಟ್ಟೆ ಕೂತಿರುವಾಗ ಎಷ್ಟೇ ಒಳ್ಳೆಯ ಲೆನ್ಸ್ ಇದ್ದರೂ ಅದು ಕಾಣುವುದಿಲ್ಲ. ನಾನು ತೋಟದೊಳಗಿನ ಗಂಡುಗಳನ್ನು ಮಾತ್ರ ಬಲೆಯಲ್ಲಿ ಹಿಡಿದು, ಎದೆಯನ್ನು ಒತ್ತದೆ ರೆಕ್ಕೆಗಳ ಬುಡವನ್ನು ಬೆರಳುಗಳ ನಡುವೆ ಹಿಡಿದು, ಮುಂರೆಕ್ಕೆಯನ್ನು ಮೆಲ್ಲನೆ ಮುಂದಕ್ಕೆ ಸರಿಸಿ ಫೋಟೋ ತೆಗೆದು ಬಿಟ್ಟುಬಿಡುತ್ತೇನೆ. ಕಾಡಿನಲ್ಲಿ ಅನುಮತಿಯಿಲ್ಲದೆ ಬಲೆ ಎತ್ತುವುದಿಲ್ಲ.

ಪ್ರದೇಶಕ್ಕೆ ತಕ್ಕ ವ್ಯತ್ಯಾಸ ಮನವರಿಕೆಯಾದದ್ದು ತೋಟದ ಆಚೆಗೆ. ಕೊಡಗಿನ ಎತ್ತರದ ಕಾಡಂಚಿನಲ್ಲಿ ಸಿಗುವ ಅಡಾಲ್ಫಿ, ಅಂದರೆ ಕೆಂಗಣ್ಣಿನ ಬುಶ್‌ಬ್ರೌನ್, ನೀಲಗಿರಿಯಲ್ಲೂ ಸಿಗುತ್ತದೆ. ಪಾಲಕ್ಕಾಡಿನ ಕಣಿವೆಯನ್ನು ದಾಟಿ ಮುನ್ನಾರಿಗೆ ಹೋದಾಗ ಅದೇ ಬಗೆಯ ಜಾಗದಲ್ಲಿ, ಅದೇ ಬಗೆಯ ಹುಲ್ಲಿನ ಬಳಿ ಕಂಡದ್ದು ಆಕ್ಯುಲಸ್ ಎಂಬ ಬೇರೊಂದು ಪ್ರಭೇದ. ಅದರ ಮುಂರೆಕ್ಕೆಯ ಮೇಲ್ಬದಿಯ ಬೊಟ್ಟಿನ ಸುತ್ತ ಕೆಂಪು ಹರಡಿಕೊಂಡಿರುತ್ತದೆ. ಘಟ್ಟಸಾಲಿನಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ಅಗಲದ ಈ ತಗ್ಗು ಬಯಲು ನಮಗೆ ರೈಲು ಹೋಗುವ ದಾರಿ, ಬೆಟ್ಟದ ತಂಪು ಬಿಟ್ಟು ಇಳಿಯದ ಚಿಟ್ಟೆಗೆ ಗಡಿ. ಹಳೆಯ ಪುಸ್ತಕಗಳಲ್ಲಿ ಇವೆರಡೂ ಮೈಕಾಲಿಸಿಸ್ ಕುಲದಲ್ಲೇ ಇವೆ, ಈಗ ತೆಲಿಂಗ ಎಂಬ ಕುಲಕ್ಕೆ ಸೇರಿವೆ. ಬಯಲಿನಲ್ಲೂ ಬಾಳುವ ಪರ್ಸಿಯಸ್‌ಗೆ ಇಂಥ ತಡೆಯಿಲ್ಲ. ಅದು ಆಸ್ಟ್ರೇಲಿಯಾದವರೆಗೂ ಹಬ್ಬಿದೆ.

ಈಗ ನಾನು ಪ್ರತಿ ಫೋಟೋದ ಕೆಳಗೆ ಮೊದಲು ತಿಂಗಳು, ಆಮೇಲೆ ಜಾಗ ಮತ್ತು ಎತ್ತರ, ಕೊನೆಗೆ ಹೆಸರು ಬರೆಯುತ್ತೇನೆ. ಮಚ್ಚೆ ಕಾಣದ ಒಣಗಾಲದ ಫೋಟೋಗಳ ಮುಂದೆ ‘ಮೈಕಾಲಿಸಿಸ್’ ಎಂದಷ್ಟೇ ಬರೆದು ಪ್ರಭೇದದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನನ್ನ ಪಟ್ಟಿಯಲ್ಲಿ ಅಂಥವೇ ಹೆಚ್ಚು.