ವಾಪಸ್ ಬಂದದ್ದನ್ನಲ್ಲ, ಹೋದದ್ದನ್ನು ಹಂಚಿ: ರದ್ದಾದ ಪ್ರವಾಸದ ಲೆಕ್ಕ ಚುಕ್ತಾ ಮಾಡಿದ ಅನುಭವ

ಪ್ರವಾಸ ರದ್ದಾಗಿ, ದುಡ್ಡಿನ ವಿಷಯಕ್ಕೆ ಮಾತು ಬಿಟ್ಟ ಗೆಳೆಯರು ನಮ್ಮ ಕಾರವಾರದಲ್ಲೇ ಸಾಕಷ್ಟು ಜನ ಇದ್ದಾರೆ. ನಮ್ಮ ಗುಂಪಿಗೂ ಅದೇ ಗತಿ ಅಂತ ಎಲ್ಲರೂ ಹೇಳಿದ್ದರು. ಹಾಗಾಗಲಿಲ್ಲ. ಐದೂ ಮನೆಯ ಲೆಕ್ಕ ಚುಕ್ತಾ ಆಯಿತು, ಐದೂ ಜನ ಇವತ್ತಿಗೂ ಒಟ್ಟಿಗೆ ಕೂತು ಮೀನೂಟ ಮಾಡುತ್ತೇವೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಪಿಎನ್‌ಆರ್, ಯುಪಿಐ, ಅಡ್ವಾನ್ಸ್ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ವಿವರಿಸಲು ಹೋಗುವುದಿಲ್ಲ.

2024ರ ಆಗಸ್ಟ್ 15 ಗುರುವಾರ ಬಂದಿತ್ತು. ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ ಸಿಗುತ್ತಿತ್ತು. ವಯನಾಡು ಅಂತ ಗಟ್ಟಿಯಾಯಿತು. ಐದು ಮನೆ, ಒಟ್ಟು 12 ತಲೆ. ಕೋಝಿಕ್ಕೋಡ್‌ವರೆಗೆ ನೇತ್ರಾವತಿ ರೈಲು, ಅಲ್ಲಿಂದ ಟೆಂಪೋ ಟ್ರಾವೆಲರ್‌ನಲ್ಲಿ ತಾಮರಶ್ಶೇರಿ ಘಾಟಿ ಹತ್ತಿ ಹೋಮ್‌ಸ್ಟೇ. ಆಗಿನ್ನೂ ರೈಲು ಬುಕಿಂಗ್ 120 ದಿನ ಮುಂಚೆ ತೆರೆಯುತ್ತಿತ್ತು. 60 ದಿನ ಆಗಿದ್ದು ಅದೇ ವರ್ಷದ ನವೆಂಬರ್‌ನಿಂದ. ಹಾಗಾಗಿ ಏಪ್ರಿಲ್‌ನಲ್ಲೇ ಥರ್ಡ್ ಎಸಿ ಟಿಕೆಟ್ ಮಾಡಿದೆವು. ಒಂದು ಟಿಕೆಟಿಗೆ ಆರೇ ಜನ ಅಲ್ವಾ, ಹೋಗಿ ಬರಲು ನಾಲ್ಕು ಪಿಎನ್‌ಆರ್ ಆಯಿತು.

ಬ್ಯಾಂಕಿನಲ್ಲಿರುವ ಗೆಳೆಯ ರೈಲಿಗೆ ಸುಮಾರು 22,000 ಕಟ್ಟಿದ. ಬೋಟ್ ಇರುವ ಗೆಳೆಯ ಹೋಮ್‌ಸ್ಟೇಗೆ 24,000 ಕಳಿಸಿದ. ಟೆಂಪೋ ಅಡ್ವಾನ್ಸ್ 6,000 ನನ್ನದು. ಮೇಷ್ಟ್ರಾಗಿರುವ ಗೆಳೆಯ ತನ್ನ ಪಾಲಿಗೆ ಅಂತ ಬೋಟಿನವನಿಗೆ 10,000 ಮೊದಲೇ ಹಾಕಿದ್ದ. ತಾಲೂಕು ಕಚೇರಿಯ ಗೆಳೆಯ ಇನ್ನೂ ಏನೂ ಕೊಟ್ಟಿರಲಿಲ್ಲ.

ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ತಾಲೂಕು ಕಚೇರಿಯವನ ರಜೆ ಅಲ್ಲಿಗೇ ನಿಂತಿತು. ಮತ್ತೆ ಸಿಕ್ಕರೆ ಬರುತ್ತೇನೆ ಅಂದ, ಅದಕ್ಕೇ ಅವನ ಸೀಟು ಹಾಗೇ ಇಟ್ಟುಕೊಂಡೆವು. ಜುಲೈ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋದವು. ಅಂಥ ಜಾಗಕ್ಕೆ ಮೋಜಿಗೆ ಹೋಗುವ ಮಾತೇ ಇರಲಿಲ್ಲ. ಪ್ರವಾಸ ರದ್ದು ಮಾಡಲು ಐದು ನಿಮಿಷವೂ ಬೇಕಾಗಲಿಲ್ಲ.

ಕಷ್ಟ ಶುರುವಾಗಿದ್ದು ದುಡ್ಡು ವಾಪಸ್ ಬರತೊಡಗಿದ ಮೇಲೆ. ರೈಲಿನ ದುಡ್ಡು ಪ್ರಯಾಣ ಮಾಡಬೇಕಿದ್ದವರಿಗೆ ಬರುವುದಿಲ್ಲ, ಕಟ್ಟಿದವನ ಖಾತೆಗೆ ಬರುತ್ತದೆ. ಬ್ಯಾಂಕಿನವನಿಗೆ 17,300ರ ಹತ್ತಿರ ಬಂತು. ಕೂಡಲೇ ಎಲ್ಲರ ಕಣ್ಣು ಅದರ ಮೇಲೆ. ಹೋಮ್‌ಸ್ಟೇ ಮಾಲೀಕರು ಅರ್ಧ, ಅಂದರೆ 12,000 ವಾಪಸ್ ಕೊಟ್ಟರು. ಅಂಥ ಹೊತ್ತಿನಲ್ಲಿ ಅವರು ಅಷ್ಟು ಕೊಟ್ಟಿದ್ದೇ ದೊಡ್ಡದು. ಅವರ ಹತ್ತಿರ ಏನು ಮಾತಾಡಿದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಟೆಂಪೋದವರಿಂದ ಒಂದು ರೂಪಾಯಿಯೂ ಬರಲಿಲ್ಲ.

ಬೋಟಿನವನು ರಾತ್ರಿ ಹತ್ತಕ್ಕೆ ಫೋನ್ ಮಾಡಿದ. "ನನ್ನ 12 ಸಾವಿರ ಮುಳುಗಿದೆ ಮಾರಾಯಾ. ರೈಲಿನ ದುಡ್ಡು ಬಂತಲ್ಲ, ಮೊದಲು ಅದರಲ್ಲಿ ನನಗೆ ಕೊಡಿಸು." ಅವನ ಅವಸರವೂ ಸುಳ್ಳಲ್ಲ. ಜೂನ್, ಜುಲೈ ಪೂರ್ತಿ ಮೀನುಗಾರಿಕೆಗೆ ನಿಷೇಧ. ಆಗಸ್ಟ್ 1ಕ್ಕೆ ಬೋಟ್ ಇಳಿಸುವಾಗ ಡೀಸೆಲ್, ಐಸ್, ಬಲೆ ರಿಪೇರಿ ಎಲ್ಲಕ್ಕೂ ಕೈಯಲ್ಲಿ ಕಾಸು ಬೇಕು.

ಇಂಥ ಹೊತ್ತಿನಲ್ಲಿ ಜನ ಮಾಡುವುದೆಲ್ಲ ನಾನು ಬೇರೆ ಬೇರೆ ಗುಂಪುಗಳಲ್ಲಿ ನೋಡಿದ್ದೇನೆ. ಬಂದ ದುಡ್ಡನ್ನು ಬಂದ ಹಾಗೇ ಹಂಚುತ್ತಾರೆ. ಮೂರನೇ ಸಲಕ್ಕೆ ಯಾರಿಗೆ ಎಷ್ಟು ಹೋಯಿತು ಅನ್ನುವುದೇ ತಪ್ಪಿಹೋಗುತ್ತದೆ. ಇನ್ನು ಕೆಲವರು ಕಟ್ಟಿದವನ ಲಾಭ ನಷ್ಟ ಕಟ್ಟಿದವನಿಗೇ ಅನ್ನುತ್ತಾರೆ. ಆಗ ಹೆಚ್ಚು ಭಾರ ಹೊತ್ತವನಿಗೇ ಹೊಡೆತ. ಖರ್ಚು ಹಂಚುವ ಆ್ಯಪ್ ಹಾಕಿದರೆ ಐವರಲ್ಲಿ ಇಬ್ಬರೂ ತೆರೆದು ನೋಡುವುದಿಲ್ಲ.

ನಾನು ಮೊದಲು ಮಾಡಿದ್ದು ಒಂದೇ. ಎಲ್ಲ ಕಡೆಯಿಂದ ಬರುವುದು ಬಂದು ಮುಗಿಯುವವರೆಗೆ ಯಾರೂ ಯಾರಿಗೂ ಒಂದು ಪೈಸೆ ಕಳಿಸಬಾರದು ಅಂದೆ. ಇದಕ್ಕೇ ಎಲ್ಲರೂ ತಿರುಗಿಬಿದ್ದರು. ಶಿರಸಿಯ ನಮ್ಮ ಭಾವ ಅಡಿಕೆ ವ್ಯಾಪಾರದವರು, ಲೆಕ್ಕದಲ್ಲಿ ಪಳಗಿದವರು. ಅವರೂ "ಗೆಳೆತನದಲ್ಲಿ ಕಾಗದ ತೆಗೆದರೆ ಗೆಳೆತನ ಉಳಿಯೋದಿಲ್ಲ ತಮ್ಮಾ" ಅಂದರು. ನಾನು ಬಿಡಲಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಹಾಳಾದ ದುಡ್ಡನ್ನು ಮಾತ್ರ ಬರೆದೆ. ರೈಲಿನದು ಆಗಿನ ನಿಯಮದಂತೆ ಒಂದು ಕಡೆಗೆ ತಲೆಗೆ 180 ಕಡಿತ, ಅದರ ಮೇಲೆ ಜಿಎಸ್‌ಟಿ, ಜೊತೆಗೆ ವಾಪಸ್ ಬಾರದ ಬುಕಿಂಗ್ ಶುಲ್ಕ. 48 ಗಂಟೆಗಿಂತ ಎಷ್ಟೋ ಮುಂಚೆ ರದ್ದು ಮಾಡಿದ್ದಕ್ಕೆ ಎರಡೂ ಕಡೆ ಸೇರಿ 4,700ರಲ್ಲಿ ಮುಗಿಯಿತು. 48 ಗಂಟೆಯೊಳಗೆ ಹೋಗಿದ್ದರೆ ದರದ ಕಾಲು ಭಾಗವೇ ಹೋಗುತ್ತಿತ್ತು. ಹೋಮ್‌ಸ್ಟೇ 12,000, ಟೆಂಪೋ 6,000. ಒಟ್ಟು ಲುಕ್ಸಾನು 22,700. ತಲೆಗೆ 1,890.

ಇಷ್ಟಾದ ಮೇಲೆ ಪ್ರತಿಯೊಬ್ಬರ ಕೈಯಿಂದ ನಿಜವಾಗಿ ಎಷ್ಟು ಹೋಗಿದೆ ಅಂತ ನೋಡಿದರೆ ಸಾಕು. ಬೋಟಿನವನು 24,000 ಕೊಟ್ಟ, 12,000 ವಾಪಸ್ ಬಂತು, ಮೇಷ್ಟ್ರಿಂದ 10,000 ಬಂದಿತ್ತು. ಅವನ ಕೈಯಿಂದ ಹೋಗಿದ್ದು 2,000 ಮಾತ್ರ. ಅವನ ಮನೆಯಲ್ಲಿ ನಾಲ್ಕು ತಲೆ, ಪಾಲು 7,560. ಅಂದರೆ ಎಲ್ಲರಿಗಿಂತ ಜಾಸ್ತಿ ಕಳೆದುಕೊಂಡೆ ಅಂದವನೇ ಸುಮಾರು 5,500 ಕೊಡಬೇಕು. ಬಾಯಿಯೇ ತೆರೆಯದ ಮೇಷ್ಟ್ರ ಮನೆಯಲ್ಲಿ ಎರಡೇ ತಲೆ, ಅವನಿಗೆ ಸುಮಾರು 6,200 ಬರಬೇಕು. ವಾಪಸ್ ಬಂದ ದುಡ್ಡನ್ನೇ ನೋಡುತ್ತಾ ಕೂತಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹಾಳೆಯನ್ನು ಗುಂಪಿಗೆ ಹಾಕಲಿಲ್ಲ. ಟಾಗೋರ್ ಬೀಚಿನಲ್ಲಿ ಬೋಟಿನವನನ್ನು ಒಬ್ಬನೇ ಕೂರಿಸಿಕೊಂಡು ತೋರಿಸಿದೆ. ಮೂರು ಸಲ ಕೂಡಿಸಿದ. ಮೇಷ್ಟ್ರ 10,000ದ ಸಾಲಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ನೋಡಿದ. "ಇದು ನನ್ನ ಲೆಕ್ಕದಲ್ಲಿ ಬಂದೇ ಇಲ್ಲ ಅಲ್ವಾ" ಅಂದ. ಜಗಳ ಅಲ್ಲಿಗೇ ಮುಗಿಯಿತು. ಉಳಿದವರನ್ನು ಯಾವ ಕ್ರಮದಲ್ಲಿ ಭೇಟಿಯಾದೆ ಅನ್ನುವುದು ನನ್ನಲ್ಲೇ ಇರಲಿ. ಆ ಕ್ರಮ ಬಹಳ ಮುಖ್ಯ ಅಂತ ಮಾತ್ರ ಹೇಳುತ್ತೇನೆ.

ತಾಲೂಕು ಕಚೇರಿಯವನ ವಿಷಯ ಗಟ್ಟಿ ಇತ್ತು. "ನಾನು ಮೊದಲೇ ಬಿಟ್ಟಿದ್ದೆ, ಅದೂ ಡ್ಯೂಟಿಗಾಗಿ" ಅಂದ. ಮಾತು ನಿಜ. ಆದರೆ ಕಾರಣ ಅಳೆಯಲು ಹೋದರೆ ಒಬ್ಬನ ಕಾರಣ ದೊಡ್ಡದು, ಇನ್ನೊಬ್ಬನದು ಸಣ್ಣದು ಅಂತ ಆಗುತ್ತದೆ. ನಾನು ತಾರೀಖು ಮಾತ್ರ ನೋಡುತ್ತೇನೆ. ಅವನು ಹಿಂದೆ ಸರಿದ ದಿನ ಅವನ ಸೀಟು, ಕೋಣೆ, ಟೆಂಪೋ ಎಲ್ಲದಕ್ಕೂ ದುಡ್ಡು ಹೋಗಿ ಆಗಿತ್ತು. ರಜೆ ಸಿಕ್ಕರೆ ಬರುತ್ತೇನೆ ಅಂತ ಅವನೇ ಸೀಟು ಇರಿಸಿದ್ದ. ತಲೆ ಲೆಕ್ಕಕ್ಕೆ ಬಂತು. 1,890 ಕೊಟ್ಟ.

ಬ್ಯಾಂಕಿನವನು ನಾಲ್ಕು ತಿಂಗಳ ಬಡ್ಡಿ ಕೇಳಿದ. ಎಫ್‌ಡಿ ದರ ಹಿಡಿದರೂ 500 ದಾಟುತ್ತಿರಲಿಲ್ಲ. ಬಡ್ಡಿ ಒಳಗೆ ಬಂದರೆ ನನ್ನ ಫೋನ್ ಖರ್ಚು, ಇನ್ನೊಬ್ಬನ ಪೆಟ್ರೋಲ್ ಎಲ್ಲವೂ ಬರುತ್ತವೆ. ರಸೀದಿ ಇರುವ ಖರ್ಚು ಮಾತ್ರ ಅಂದೆ. ಮಗನಿಗೆ ಅರ್ಧ ತಲೆ ಹಿಡಿ ಅಂತಲೂ ಕೇಳಿದ. ಬೇರೆ ಬರ್ತ್ ತೆಗೆದರೆ ರೈಲಿನಲ್ಲಿ ಮಗುವಿಗೂ ಪೂರ್ತಿ ದರ. ಆದರೂ ಕುತೂಹಲಕ್ಕೆ ರೈಲನ್ನು ಸೀಟಿನ ಲೆಕ್ಕದಲ್ಲಿ, ಹೋಮ್‌ಸ್ಟೇಯನ್ನು ಕೋಣೆ ಲೆಕ್ಕದಲ್ಲಿ ಬೇರೆ ಬೇರೆ ಹಾಕಿ ನೋಡಿದೆ. ಮನೆಗೆ ಮುನ್ನೂರು ನಾನೂರು ಹೆಚ್ಚು ಕಡಿಮೆ ಆಯಿತು. ಅಷ್ಟಕ್ಕೆ ಮೂರು ಹಾಳೆ ಬೇಡ ಅಂತ ತಲೆ ಲೆಕ್ಕಕ್ಕೇ ಬಂದೆ.

ಇನ್ನೂ ಒಂದೆರಡು ಪ್ರಯೋಗ ಮಾಡಿದೆ. ದುಡ್ಡು ಯಾರಿಗೂ ಬೇಡ, ದಾಂಡೇಲಿ ಟ್ರಿಪ್ಪಿಗೆ ಜಮೆ ಇರಲಿ ಅಂತ ಸೂಚಿಸಿದೆ. ಇದು ನಡೆಯುವುದಿಲ್ಲ. ದಾಂಡೇಲಿಗೆ ಬರದವನ ದುಡ್ಡು ಅಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಮನೆಗೆ ತಿಂಗಳಿಗೆ 200ರಂತೆ ರದ್ದತಿ ನಿಧಿ ಅಂತ ಎತ್ತಿದೆ. ಕೆಲವು ತಿಂಗಳಲ್ಲೇ ಅದರಿಂದ ಕೈಗಡ ಕೇಳುವವರು ಶುರುವಾದರು. ಪೂರ್ತಿ ವಾಪಸ್ ಹಂಚಿಬಿಟ್ಟೆ.

ಕೊನೆಯಲ್ಲಿ ದುಡ್ಡು ಅಡ್ಡಾಡಿದ್ದು ನಾಲ್ಕೇ ಸಲ. ಬೋಟಿನವನಿಂದ ಮೇಷ್ಟ್ರಿಗೆ 5,500. ಬ್ಯಾಂಕಿನವನ ಮೂರು ತಲೆಯ ಪಾಲು 5,670, ಅವನ ಕೈಯಿಂದ ಹೋಗಿದ್ದು 4,700, ಹಾಗಾಗಿ ಅವನಿಂದ 970, ಅದರಲ್ಲಿ 700 ಮೇಷ್ಟ್ರಿಗೆ, ಉಳಿದದ್ದು ನನಗೆ. ತಾಲೂಕು ಕಚೇರಿಯವನ 1,890 ನನಗೆ. ಚಿಲ್ಲರೆ ಬಿಟ್ಟುಕೊಟ್ಟೆವು. ಯುಪಿಐ ಟಿಪ್ಪಣಿಯಲ್ಲಿ "ವಯನಾಡು ಚುಕ್ತಾ" ಅಂತಲೇ ಬರೆಯಿಸಿದೆ. ಬರೀ ಮೊತ್ತ ಇದ್ದರೆ ವರ್ಷ ಕಳೆದ ಮೇಲೆ ಯಾವುದಕ್ಕೆ ಕೊಟ್ಟಿದ್ದು ಅಂತ ನೆನಪಿರುವುದಿಲ್ಲ.

ಭಾವ ಈಗ ತಮ್ಮ ಕಾಶಿ ಯಾತ್ರೆಯ ಗುಂಪಿಗೆ ಇದೇ ಹಾಳೆ ಮಾಡಿಸಿಕೊಂಡಿದ್ದಾರೆ. ಅವರಿಗೆ ಒಂದು ಸಾಲು ಸೇರಿಸಿಕೊಟ್ಟೆ: ಒಬ್ಬನೇ ಹಿಂದೆ ಸರಿದು ಉಳಿದವರು ಹೋದರೆ, ಅವನ ಟಿಕೆಟ್ ಕಡಿತ ಅವನದು. ಕೋಣೆಯ ಪಾಲು ಬೇರೆಯವರು ಬಂದು ತುಂಬಿದರೆ ಮಾತ್ರ ವಾಪಸ್.

ಟೆಂಪೋದವರು ಅಕ್ಟೋಬರ್‌ನಲ್ಲಿ, ನಾವು ಆಸೆ ಬಿಟ್ಟ ಮೇಲೆ, 2,000 ಕಳಿಸಿದರು. ಹಾಳೆ ತೆಗೆದು ತಲೆಗೆ 166ರಂತೆ ಅದೇ ಸಂಜೆ ಉಳಿದ ನಾಲ್ಕೂ ಮನೆಗೆ ಹಾಕಿದೆ.