ಎಡಿನ್‌ಬರ್ಗ್ ಲಾಡ್ಜಿನ ಚರಿತ್ರೆಯನ್ನು ನಡಾವಳಿಗಳಿಂದ ಬರೆದ ಬಗೆ

ಸ್ಕಾಟ್ಲೆಂಡಿನ ಎಡಿನ್‌ಬರ್ಗ್ ನಗರದ ಅತ್ಯಂತ ಹಳೆಯ ಫ್ರೀಮೇಸನ್ ಲಾಡ್ಜ್ ಎಂದರೆ ಮೇರೀಸ್ ಚಾಪೆಲ್. ಫ್ರೀಮೇಸನ್ನರದು ಕಲ್ಲುಕೆಲಸದವರ ಕೂಟಗಳಿಂದ ಬೆಳೆದ ಸೋದರ ಸಂಘ, ಲಾಡ್ಜ್ ಅದರ ಸ್ಥಳೀಯ ಘಟಕ. ಸ್ಕಾಟ್ಲೆಂಡಿನ ಲಾಡ್ಜುಗಳ ಮೇಲಿನ ಸಂಸ್ಥೆಯಾದ ಗ್ರ್ಯಾಂಡ್ ಲಾಡ್ಜಿನ ಪಟ್ಟಿಯಲ್ಲಿ ಅದರ ಸಂಖ್ಯೆ 1. ಅದರ ಚರಿತ್ರೆಯನ್ನು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕುಳಿತು ಕನ್ನಡದಲ್ಲಿ ಬರೆಯಲು ಹೊರಟಾಗ ಫ್ರೀಮೇಸನ್ನರು ತಮ್ಮ ಮೂಲವೆಂದು ಹೇಳಿಕೊಳ್ಳುವ ಸೊಲೊಮನ್ ದೊರೆಯ ದೇವಾಲಯದ ಕಥೆಯನ್ನೂ ಗುಪ್ತ ಸಂಕೇತಗಳ ಕುರಿತ ಊಹೆಗಳನ್ನೂ ನಾನು ಪಕ್ಕಕ್ಕಿಟ್ಟೆ. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನ ಶಿಲ್ಪಗಳಲ್ಲಿ ಕೆತ್ತಿರುವ ತಮ್ಮ ಹೆಸರುಗಳನ್ನು ಓದಿಕೊಂಡು ಬಂದ ನಮ್ಮ ಸೀಮೆಯವರಿಗೆ ಕೆಲಸಗಾರನ ಸ್ವಂತ ಗುರುತಿಗಿಂತ ಹೆಚ್ಚಿನ ಆಧಾರ ಬೇಕಿಲ್ಲ. ಎಡಿನ್‌ಬರ್ಗಿನಲ್ಲಿಯೂ ಅಂಥ ಗುರುತುಗಳು ನಡಾವಳಿ ಪುಸ್ತಕದಲ್ಲಿ ಉಳಿದಿವೆ.

ಮೊದಲ ಕೆಲಸ ಕಾಲನಿರ್ಣಯದ್ದಾಗಿತ್ತು. ಶಾಸನದ ಶಕವರ್ಷಕ್ಕೆ ಸಾಮಾನ್ಯವಾಗಿ 78 ಕೂಡಿಸುವ ನಾವು ಮಾಘ, ಫಾಲ್ಗುಣ ಮಾಸಗಳಲ್ಲಿ 79 ಕೂಡಿಸುತ್ತೇವಲ್ಲವೇ? ಸ್ಕಾಟ್ಲೆಂಡಿನಲ್ಲಿಯೂ 1600ಕ್ಕೆ ಮುಂಚೆ ಹೊಸ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿದ್ದುದರಿಂದ ಇದೇ ಬಗೆಯ ಎಚ್ಚರಿಕೆ ಬೇಕಾಯಿತು. ನೆರೆಯ ಐಚಿಸನ್ಸ್ ಹೇವನ್ ಲಾಡ್ಜಿನ ಪುಸ್ತಕದಲ್ಲಿ 1598ರ ಜನವರಿ 9 ಎಂದು ಬರೆದಿರುವುದು ನಮ್ಮ ಲೆಕ್ಕಕ್ಕೆ 1599. ಎಡಿನ್‌ಬರ್ಗಿನ ಮೊದಲ ನಡಾವಳಿ 1599ರ ಜುಲೈ 31ರದು. ಹೀಗಾಗಿ ಪುಸ್ತಕಗಳ ಪೈಕಿ ನೆರೆಯದೇ ಕೆಲವು ತಿಂಗಳು ಹಳೆಯದಾದರೂ ಆ ಲಾಡ್ಜ್ 19ನೆಯ ಶತಮಾನದಲ್ಲಿ ಮುಚ್ಚಿಹೋದ ಕಾರಣ, ಇಂದಿಗೂ ನಡೆಯುತ್ತಿರುವ ಲಾಡ್ಜುಗಳಲ್ಲಿ ಅತಿ ಹಳೆಯ ನಡಾವಳಿ ಎಡಿನ್‌ಬರ್ಗಿನದೇ ಎಂದು ಬರೆದೆ.

ಆ ಮೊದಲ ನಡಾವಳಿ ಬಹಳ ಚಿಕ್ಕದು, ಆದರೆ ನನ್ನ ಬರವಣಿಗೆಯ ಅತಿ ದೀರ್ಘ ಅಧ್ಯಾಯ ಅದರ ಮೇಲೆಯೇ ನಿಂತಿದೆ. ಜಾರ್ಜ್ ಪೇಟನ್ ಎಂಬ ಕಲ್ಲುಕೆಲಸದ ಯಜಮಾನ, ಕ್ರಮವಾಗಿ ಕಸುಬು ಕಲಿಯದ ಒಬ್ಬನನ್ನು ಹೊಗೆಗೂಡಿನ ತುದಿಯ ಕೆಲಸಕ್ಕೆ ಎರಡೂವರೆ ದಿನ ಹಚ್ಚಿದ್ದಾಗಿ ಸಭೆಯ ಮುಂದೆ ಒಪ್ಪಿಕೊಳ್ಳುತ್ತಾನೆ. ವಿಧಿಸಿದ ದಂಡ ತೆರಲು ಸಿದ್ಧನೆನ್ನುತ್ತಾನೆ. ಅವನ ವಿನಯವನ್ನು ಕಂಡು ಸಭೆ ಕ್ಷಮಿಸುತ್ತದೆ, ಮುಂದೆ ಯಾರೇ ಹೀಗೆ ಮಾಡಿದರೂ ಶಿಕ್ಷೆ ತಪ್ಪದೆಂದು ಎಚ್ಚರಿಸುತ್ತದೆ. ಹಿಂದಿನ ವರ್ಷವಷ್ಟೇ, 1598ರ ಡಿಸೆಂಬರ್ 28ರಂದು, ಆರನೆಯ ಜೇಮ್ಸ್ ದೊರೆಯ ಕಟ್ಟಡಗಳ ಮೇಲ್ವಿಚಾರಕನಾಗಿದ್ದ ವಿಲಿಯಂ ಶಾ ಇಂಥ ನೇಮಕಗಳನ್ನು ನಿಷೇಧಿಸಿ ಕಟ್ಟಳೆಗಳನ್ನು ಹೊರಡಿಸಿದ್ದ. ಶಿಷ್ಯವೃತ್ತಿ ಕನಿಷ್ಠ ಏಳು ವರ್ಷ, ಒಬ್ಬ ಯಜಮಾನನಿಗೆ ಜೀವಮಾನದಲ್ಲಿ ಮೂವರೇ ಶಿಷ್ಯರು, ಕಸುಬಿಗೆ ಪೂರ್ಣವಾಗಿ ಸೇರಿದವನ ಹೆಸರಿನೊಡನೆ ಸಹಿಯಂತೆ ಬಳಸುವ ಅವನ ಸ್ವಂತ ಗುರುತಿನ ದಾಖಲೆ: ಇವೆಲ್ಲವೂ ಆ ಕಟ್ಟಳೆಗಳಲ್ಲಿವೆ.

ಈ ನಿಯಮಗಳನ್ನು ಸಾಗರದ ಹಿರಿಯ ಗುಡಿಗಾರರೊಬ್ಬರಿಗೆ ಓದಿ ಹೇಳಿ, ಗಂಧದ ಕೆತ್ತನೆಯ ಅವರ ಮನೆತನದಲ್ಲಿ ಹೇಗಿತ್ತೆಂದು ಕೇಳಿದೆ. ಅವರು ತಕ್ಷಣ ಕೇಳಿದ ಪ್ರಶ್ನೆ, "ಕೆಲಸ ಕೆಟ್ಟರೆ ಜವಾಬು ಯಾರು ಕೊಡಬೇಕಾಗಿತ್ತು, ಮಾರಾಯರೇ?" ಎಂಬುದು. ಆ ಪ್ರಶ್ನೆಯನ್ನಿಟ್ಟುಕೊಂಡು ನಡಾವಳಿಯನ್ನು ಮತ್ತೆ ಓದಿದಾಗ, ಸಭೆಗೆ ಉತ್ತರ ಹೇಳುತ್ತಿರುವವನು ಯಜಮಾನ ಪೇಟನ್ ಒಬ್ಬನೇ, ಕೂಲಿಗೆ ಬಂದವನ ಹೆಸರೂ ಅಲ್ಲಿಲ್ಲ ಎಂಬುದು ಎದ್ದು ಕಂಡಿತು. ಲಾಡ್ಜ್ ಆಗ ತನ್ನವರನ್ನು ತಾನೇ ವಿಚಾರಿಸುವ ಕಸುಬಿನ ಪಂಚಾಯಿತಿಯಾಗಿತ್ತೆಂಬ ನನ್ನ ಅಭಿಪ್ರಾಯ ಅಲ್ಲಿಂದ ಬಂದದ್ದು.

ಕಲ್ಲು ಮುಟ್ಟದ ಗಣ್ಯರು ಇಂಥ ಸಭೆಗೆ ಯಾವಾಗ ಬಂದರೆಂಬುದರಲ್ಲಿ ವಿಶೇಷ ಎಚ್ಚರ ವಹಿಸಿದೆ. 1600ರ ಜೂನ್ 8ರ ನಡಾವಳಿಗೆ ಆಖಿನ್‌ಲೆಕ್‌ನ ಜಮೀನುದಾರ ಜಾನ್ ಬಾಸ್‌ವೆಲ್ ತನ್ನ ಗುರುತು ಹಾಕಿದ್ದಾನೆ. ಆತನನ್ನು ಮೊದಲ ಗೌರವ ಸದಸ್ಯನೆಂದು ಕರೆಯುವ ರೂಢಿಯಿದೆ, ಆದರೆ ಅಲ್ಲಿ ಅವನನ್ನು ಸೇರಿಸಿಕೊಂಡ ಮಾತಿಲ್ಲ, ಅವನು ಹಾಜರಿದ್ದನೆಂಬುದಷ್ಟೇ ಇದೆ. ನಾನೂ ಅಷ್ಟನ್ನೇ ಬರೆದೆ. ಸೇರ್ಪಡೆಯ ಸ್ಪಷ್ಟ ದಾಖಲೆ ಸಿಗುವುದು 1634ರ ಜುಲೈ 3ರಂದು, ಲಾರ್ಡ್ ಅಲೆಕ್ಸಾಂಡರ್ ಮತ್ತು ಸಂಗಡಿಗರದು. 1641ರ ಮೇ 20ರಂದು ಸ್ಕಾಟಿಷ್ ಸೇನೆಯೊಡನೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿದ್ದ ಲಾಡ್ಜಿನ ಸದಸ್ಯರು, ಮುಂದೆ ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬನಾದ ರಾಬರ್ಟ್ ಮೊರೇಯನ್ನು ಅಲ್ಲಿಯೇ ಸೇರಿಸಿಕೊಂಡರು.

ಗಣ್ಯರ ಈ ಪಟ್ಟಿಗಿಂತ ಕೂಲಿ ಮೇಸನ್ನರ, ಅಂದರೆ ಯಜಮಾನರ ಕೈಕೆಳಗೆ ಕೂಲಿಗೆ ದುಡಿಯುತ್ತಿದ್ದ ಕಲ್ಲುಕೆಲಸಗಾರರ, ಹೋರಾಟ ನನಗೆ ಮುಖ್ಯವೆನಿಸಿತು. ಲಾಡ್ಜಿನ ಆಡಳಿತವೆಲ್ಲ ಯಜಮಾನರ ಕೈಯಲ್ಲೇ ಇದ್ದುದನ್ನು ವಿರೋಧಿಸಿ ಅವರು ಬೇರೆಯಾದರು. ವ್ಯಾಜ್ಯ ಪಂಚರ ಮುಂದೆ ಹೋಗಿ, 1715ರ ತೀರ್ಪು ಅವರಿಗೆ ತಮ್ಮದೇ ಸಭೆ ಸೇರುವ, ಕಸುಬಿನವರು ಒಬ್ಬರನ್ನೊಬ್ಬರು ಗುರುತಿಸುವ ಗುಪ್ತ ಪದವನ್ನು ಹೊಸಬರಿಗೆ ಕೊಡುವ ಹಕ್ಕನ್ನು ಒಪ್ಪಿಕೊಂಡಿತು. ಆ ಕೂಲಿ ಮೇಸನ್ನರ ಲಾಡ್ಜ್ ಇಂದು 8ನೆಯ ಸಂಖ್ಯೆಯದು. 1736ರ ನವೆಂಬರ್ 30ರಂದು ಸ್ಕಾಟ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾದದ್ದನ್ನೂ, ಹಿರಿತನಕ್ಕಾಗಿ ಮುನಿಸಿಕೊಂಡು ಹೊರಹೋಗಿದ್ದ ಕಿಲ್ವಿನಿಂಗ್ ಲಾಡ್ಜ್ 1807ರಲ್ಲಿ ಮರಳಿ 1ನೆಯ ಸಂಖ್ಯೆಗಿಂತಲೂ ಮೇಲೆ, ಪಟ್ಟಿಯ ತಲೆಯಲ್ಲಿ ಸ್ಥಾನ ಪಡೆದದ್ದನ್ನೂ ಒಂದೇ ಪುಟದಲ್ಲಿ ಮುಗಿಸಿದೆ. ಉಳಿದ ಪುಟಗಳನ್ನು ಈ ಕೂಲಿಕಾರರಿಗೆ ಕೊಟ್ಟೆ.